ಲೇಸರ್ ಮಾಡೋಣ ಎಂದು ಹಟ ಹಿಡಿದ ಮಗುವಿಗೆ ಏನು ಹೇಳೋಣ?

ನಿಮ್ಮ ಮನೆಯಲ್ಲಿ ಹತ್ತರಿಂದ ಹದಿನೈದು ವರ್ಷದ ಮಗುವಿದ್ದರೆ ಈ ಪ್ರಶ್ನೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ: “ಅಮ್ಮಾ, ಕ್ಯಾನ್ ವಿ ಮೇಕ್ ಒನ್?” ವಿಡಿಯೋದಲ್ಲಿ ಯಾರೋ ಟಾರ್ಚಿನಷ್ಟು ಉದ್ದದ ಲೇಸರ್ ಹಿಡಿದು ಬಲೂನು ಒಡೆದಿರುತ್ತಾರೆ, ಬೆಂಕಿಕಡ್ಡಿ ಹೊತ್ತಿಸಿರುತ್ತಾರೆ, ಹಲಗೆಯ ಮೇಲೆ ಹೆಸರು ಸುಟ್ಟು ಬರೆದಿರುತ್ತಾರೆ. ನೋಡಿದ ಮಗುವಿಗೆ ಅದು ಸ್ಟಾರ್ ವಾರ್ಸ್ ಕತ್ತಿಯೇ ಕೈಗೆ ಬಂದಂತೆ.

“ಬೇಡ, ಅಪಾಯ” ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಯಾಕೆ ಬೇಡ ಎಂಬುದು ತಿಳಿಯದ ಮಗು ಗೆಳೆಯನ ಮನೆಯಲ್ಲಿ ಅದನ್ನೇ ಮಾಡುತ್ತದೆ. ವಿಜ್ಞಾನದ ಕೆಲಸದಲ್ಲಿರುವ ನನ್ನ ಅನಿಸಿಕೆ ಇದು: ಈ ಪ್ರಶ್ನೆಯನ್ನು ತಡೆಯಬೇಡಿ, ಬೇರೆ ದಾರಿಗೆ ತಿರುಗಿಸಿ. ಸಾಧ್ಯವಾದರೆ ಆ ಮಾತುಕತೆ ಕನ್ನಡದಲ್ಲೇ ನಡೆಯಲಿ.

ಲೇಸರ್‌ನ ಬೇರು ನಮ್ಮ ಬರ್ಮಿಂಗ್‌ಹ್ಯಾಮ್‌ನಲ್ಲೂ ಇದೆ

ಸಟನ್ ಕೋಲ್ಡ್‌ಫೀಲ್ಡ್‌ನಿಂದ ಹತ್ತು ಮೈಲಿ ಆಸುಪಾಸಿನಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯವಿದೆ. 1940ರ ಫೆಬ್ರವರಿ 21ರಂದು ಅಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬ ಇಬ್ಬರು ಭೌತವಿಜ್ಞಾನಿಗಳು ತಾಮ್ರದ ಗಟ್ಟಿಯಲ್ಲಿ ರಂಧ್ರಗಳನ್ನು ಕೊರೆದು ಮಾಡಿದ ಒಂದು ಸಾಧನಕ್ಕೆ ವಿದ್ಯುತ್ ಕೊಟ್ಟರು. ಅದರಿಂದ ಸುಮಾರು 400 ವಾಟ್ ಮೈಕ್ರೋವೇವ್ ಹೊರಬಂತು. ಅದೇ ಕ್ಯಾವಿಟಿ ಮ್ಯಾಗ್ನೆಟ್ರಾನ್. ಮಹಾಯುದ್ಧದ ರೇಡಾರ್‌ಗಳಿಗೆ ಜೀವ ಕೊಟ್ಟದ್ದು ಅದು. ಇವತ್ತು ನಿಮ್ಮ ಅಡುಗೆಮನೆಯ ಮೈಕ್ರೋವೇವ್ ಒಲೆಯೊಳಗೆ ಅನ್ನ ಬಿಸಿ ಮಾಡುವುದೂ ಅದೇ.

ಯುದ್ಧಕಾಲದಲ್ಲಿ ಅಮೆರಿಕದಲ್ಲಿ ರೇಡಾರ್ ಕೆಲಸ ಮಾಡಿದವರಲ್ಲಿ ಚಾರ್ಲ್ಸ್ ಟೌನ್ಸ್ ಒಬ್ಬರು. ಮೈಕ್ರೋವೇವ್‌ಗಳ ಬೆನ್ನು ಹತ್ತಿದ ಅವರ ತಂಡ 1954ರಲ್ಲಿ ‘ಮೇಸರ್’ ಮಾಡಿತು. ಮೈಕ್ರೋವೇವ್‌ನ ಜಾಗಕ್ಕೆ ಬೆಳಕನ್ನು ತಂದರೆ ಮೇಸರ್‌ನ ‘ಮೇ’ ಹೋಗಿ ‘ಲೇ’ ಬರುತ್ತದೆ.

1960ರ ಮೇ 16ರಂದು ಕ್ಯಾಲಿಫೋರ್ನಿಯಾದಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಮಾಣಿಕ್ಯದ ಹರಳು ಈ ಕೆಲಸಕ್ಕೆ ಬಾರದು ಎಂದು ಉಳಿದವರು ಕೈಬಿಟ್ಟಿದ್ದರು. ಮೈಮನ್ ತಾವೇ ಅಳೆದು ನೋಡಿ, ಆ ಲೆಕ್ಕ ತಪ್ಪೆಂದು ಕಂಡುಕೊಂಡರು. ಫೋಟೋ ತೆಗೆಯಲು ಬಳಸುತ್ತಿದ್ದ ಸುರುಳಿಯಾಕಾರದ ಫ್ಲ್ಯಾಶ್ ದೀಪದ ನಡುವೆ ಪುಟ್ಟ ಮಾಣಿಕ್ಯದ ಕಡ್ಡಿ ಇಟ್ಟರು. ಇಡೀ ಸಾಧನ ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಪತ್ರಿಕೆಯವರಿಗಾಗಿ ಚಿತ್ರ ತೆಗೆಯಲು ಬಂದ ಛಾಯಾಗ್ರಾಹಕರಿಗೆ ಅದು ತೀರಾ ಚಿಕ್ಕದೆನಿಸಿ, ಪಕ್ಕದಲ್ಲಿದ್ದ ದೊಡ್ಡದನ್ನು ಹಿಡಿಸಿ ಚಿತ್ರ ತೆಗೆದರಂತೆ! ಇದ್ದ ವಸ್ತುವನ್ನು ಬೇರೆ ಕೆಲಸಕ್ಕೆ ಒಗ್ಗಿಸುವುದು, ನಡೆಯದಿದ್ದರೆ ವಿನ್ಯಾಸ ಬದಲಿಸುವುದು. ನಿಮ್ಮ ಮಗುವನ್ನು ಸೆಳೆಯುತ್ತಿರುವುದೂ ಇದೇ ಗುಣ. ಅದನ್ನು ಚಿವುಟಬಾರದು.

ಗುಜರಿಯಿಂದ ಹುಟ್ಟಿದ ಹವ್ಯಾಸ

ಮನೆಯಲ್ಲಿ ಲೇಸರ್ ಕಟ್ಟುವ ಹವ್ಯಾಸ ಹಬ್ಬಿದ್ದು ಹೀಗೆ. ಡಿವಿಡಿ ಬರೆಯುವ ಡ್ರೈವ್‌ಗಳ ಒಳಗೆ ಬಲವಾದ ಕೆಂಪು ಡಯೋಡ್ ಇರುತ್ತಿತ್ತು. ಕಂಪ್ಯೂಟರ್ ಹಳತಾದಾಗ ಜನ ಅದನ್ನು ಬಿಚ್ಚಿ ಟಾರ್ಚಿನೊಳಗೆ ಕೂರಿಸಿದರು. ಬ್ಲೂ-ರೇ ಬಂದಾಗ ನೇರಳೆ ಬಣ್ಣ ಸಿಕ್ಕಿತು. 2010ರ ಹೊತ್ತಿಗೆ ಕ್ಯಾಸಿಯೋ ಪ್ರೊಜೆಕ್ಟರ್‌ಗಳಲ್ಲಿ ಒಂದೊಂದೂ ಸುಮಾರು 1 ವಾಟ್ ಕೊಡುವ ನೀಲಿ ಡಯೋಡ್‌ಗಳು ಬಂದವು. ಅದೇ ವರ್ಷ ಹಾಂಗ್‌ಕಾಂಗ್‌ನ ವಿಕೆಡ್ ಲೇಸರ್ಸ್ ಕಂಪನಿ ಅಂಥ ಡಯೋಡ್ ಹಾಕಿದ ಕೈ ಲೇಸರ್ ಮಾರಾಟಕ್ಕೆ ತಂದಾಗ, ಅದು ತಮ್ಮ ಸಿನಿಮಾದ ಕತ್ತಿಯಂತಿದೆ ಎಂದು ಲ್ಯೂಕಾಸ್‌ಫಿಲ್ಮ್ ಆಕ್ಷೇಪ ಎತ್ತಿತ್ತು.

ಇಲ್ಲಿ ಒಂದು ಸಂಖ್ಯೆ ನೆನಪಿಡಿ. ಈ ದೇಶದಲ್ಲಿ ಸಾಮಾನ್ಯ ಜನರ ಬಳಕೆಯ ಲೇಸರ್ ಪಾಯಿಂಟರ್ 1 ಮಿಲಿವಾಟ್ ಮೀರಬಾರದು ಎಂಬುದು ಆರೋಗ್ಯ ಇಲಾಖೆಯ ಸಲಹೆ. ಅದು ‘ಕ್ಲಾಸ್ 2’. 500 ಮಿಲಿವಾಟ್ ದಾಟಿದರೆ ಅತ್ಯಂತ ಅಪಾಯದ ‘ಕ್ಲಾಸ್ 4’. ಪ್ರೊಜೆಕ್ಟರ್‌ನ ಆ ಒಂದು ಡಯೋಡ್ ಪಾಯಿಂಟರಿನ ಮಿತಿಯ ಸಾವಿರ ಪಟ್ಟು.

ಕಣ್ಣೇ ಒಂದು ಭೂತಗನ್ನಡಿ

ಚಿಕ್ಕಂದಿನಲ್ಲಿ ನಾವೆಲ್ಲ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಟ್ಟವರೇ. ಮಗುವಿಗೆ ಅಲ್ಲಿಂದಲೇ ಹೇಳಿ: “ನಿನ್ನ ಕಣ್ಣಿನೊಳಗೂ ಒಂದು ಮಸೂರ ಇದೆ. ಅದರ ಹಿಂದೆ ಕಾಗದದ ಬದಲು ಅಕ್ಷಿಪಟಲ ಇದೆ.”

ದೀಪದ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ. ಲೇಸರ್ ಬೆಳಕು ಚೆದುರದೆ ಸಮಾನಾಂತರವಾಗಿ ಬರುವುದರಿಂದ ಕಣ್ಣಿನ ಮಸೂರ ಅದನ್ನು ಕೂದಲಿಗಿಂತ ಸಣ್ಣ ಚುಕ್ಕೆಯಾಗಿ ಕೂಡಿಸಿಬಿಡುತ್ತದೆ. ಪಾಪೆಯ ಮೇಲೆ ಬಿದ್ದ ಬೆಳಕು ಅಕ್ಷಿಪಟಲ ಮುಟ್ಟುವ ಹೊತ್ತಿಗೆ ಸುಮಾರು ಒಂದು ಲಕ್ಷ ಪಟ್ಟು ದಟ್ಟವಾಗಿರುತ್ತದೆ. 1 ಮಿಲಿವಾಟ್ ಆದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿ ಕಣ್ಣು ಉಳಿಯುತ್ತದೆ. ಬಲವಾದ ಲೇಸರ್‌ಗೆ ಆ ಕಾಲು ಸೆಕೆಂಡೂ ಬೇಕಿಲ್ಲ. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ, ಆದ್ದರಿಂದ ಸುಟ್ಟದ್ದು ಮಗುವಿಗೆ ತಿಳಿಯುವುದೂ ಇಲ್ಲ. ಸುಟ್ಟ ಭಾಗ ಮತ್ತೆ ಬೆಳೆಯುವುದಿಲ್ಲ. “ಕೆಟ್ಟ ಮೇಲೆ ಬುದ್ಧಿ ಬಂತು” ಎನ್ನಲು ಇಲ್ಲಿ ಎರಡನೇ ಅವಕಾಶವಿಲ್ಲ.

ಇದು ಬರೀ ಹೆದರಿಸುವ ಮಾತಲ್ಲ. ಶೆಫೀಲ್ಡ್‌ನ ಕಣ್ಣಿನ ವೈದ್ಯರು ಆಟಿಕೆ ಲೇಸರ್‌ಗಳಿಂದ ಮಕ್ಕಳ ಅಕ್ಷಿಪಟಲ ಸುಟ್ಟ ಪ್ರಕರಣಗಳನ್ನು 2014ರಲ್ಲಿ ವರದಿ ಮಾಡಿದರು. ಗ್ರೀಸಿನ 9 ವರ್ಷದ ಹುಡುಗನೊಬ್ಬ ಹಸಿರು ಪಾಯಿಂಟರನ್ನು ಮತ್ತೆ ಮತ್ತೆ ದಿಟ್ಟಿಸಿ ಅಕ್ಷಿಪಟಲದ ನಡುವೆ ತೂತು ಮಾಡಿಕೊಂಡದ್ದು 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಅಗ್ಗದ ಹಸಿರು ಲೇಸರ್‌ಗೆ ಇನ್ನೊಂದು ಕೊಂಕು ಇದೆ. ಅದರ ಒಳಗೆ ಮೊದಲು ಹುಟ್ಟುವುದು ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಹರಳುಗಳ ಮೂಲಕ ಹಾದು ಅದು ಹಸಿರಾಗುತ್ತದೆ. ಸೋಸುವ ಫಿಲ್ಟರ್ ಹಾಕದಿದ್ದರೆ ಅವಗೆಂಪೂ ಹೊರಬರುತ್ತದೆ. 2010ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಪರೀಕ್ಷಿಸಿದ 15 ಡಾಲರಿನ ಒಂದು ಪಾಯಿಂಟರ್ ಹಸಿರಿಗಿಂತ ಹತ್ತು ಪಟ್ಟು ಅವಗೆಂಪು ಸೂಸುತ್ತಿತ್ತು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ಊರಿಗೆ ಹೋದಾಗ ಜಾತ್ರೆಯಲ್ಲಿ ಕೊಂಡು ಸೂಟ್‌ಕೇಸಿನಲ್ಲಿ ತಂದ ಹಸಿರು ಲೇಸರ್ ಮನೆಯಲ್ಲಿದ್ದರೆ ಇವತ್ತೇ ಬ್ಯಾಟರಿ ತೆಗೆದಿಡಿ. ತಂಪು ಕನ್ನಡಕ ಇದಕ್ಕೆ ರಕ್ಷಣೆಯಲ್ಲ. ಪ್ರಯೋಗಾಲಯದಲ್ಲಿ ಒಂದೊಂದು ತರಂಗಾಂತರಕ್ಕೂ ಬೇರೆ ಬೇರೆ ಕನ್ನಡಕ ಇರುತ್ತದೆ.

ಮಗು ಲೇಸರ್ ನೋಡಿಬಿಟ್ಟಿದೆ, ಕಣ್ಣ ಮುಂದೆ ಚುಕ್ಕೆ ಹೋಗುತ್ತಿಲ್ಲ ಎಂದರೆ ಕಣ್ಣು ಉಜ್ಜಲು ಬಿಡಬೇಡಿ. 111ಕ್ಕೆ ಕರೆ ಮಾಡಿ, ಬೇಗ ಕಣ್ಣಿನ ಪರೀಕ್ಷೆ ಮಾಡಿಸಿ. ಯಾವ ಲೇಸರ್ ಎಂದು ತೋರಿಸಲು ಅದನ್ನೂ ಒಯ್ಯಿರಿ.

ಆಕಾಶಕ್ಕೆ ತೋರಿಸುವಂತಿಲ್ಲ

ನಮ್ಮ ಮನೆಗಳಿಂದ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣ ದೂರವಿಲ್ಲ. ಕ್ರಾಸ್-ಸಿಟಿ ರೈಲು ಸಟನ್ ನಡುವೆಯೇ ಹಾದುಹೋಗುತ್ತದೆ. 2018ರ ಲೇಸರ್ ದುರ್ಬಳಕೆ ಕಾಯ್ದೆಯ ಪ್ರಕಾರ ಚಲಿಸುವ ವಿಮಾನ, ರೈಲು, ಬಸ್ಸು, ಕಾರು ಯಾವುದರ ಕಡೆಗಾದರೂ ಲೇಸರ್ ಬಿಟ್ಟು ಚಾಲಕರ ಕಣ್ಣು ಕುಕ್ಕಿಸಿದರೆ ಐದು ವರ್ಷದವರೆಗೆ ಜೈಲು, ಮಿತಿಯಿಲ್ಲದ ದಂಡ. ದೂರ ಹೋದಂತೆ ಕಿರಣ ಅಗಲವಾಗುತ್ತದೆ. ಮಗುವಿಗೆ ಅದು ಆಕಾಶದಲ್ಲೊಂದು ಚುಕ್ಕೆ, ಪೈಲಟ್‌ಗೆ ಇಡೀ ಕಿಟಕಿ ತುಂಬುವ ಬೆಳಕು. ಹದಿಹರೆಯದವರಿಗೆ ಇದನ್ನು ಸ್ಪಷ್ಟವಾಗಿ ಹೇಳಿ.

ವಿನ್ಯಾಸ ಬದಲಿಸೋಣ, ಬಾ

ಇನ್ನು ಮಗುವಿಗೆ ಏನು ಕೊಡಬಹುದು? ಮೊದಲ ದಾರಿ, ಲೇಸರ್ ಡಯೋಡ್‌ನ ಜಾಗದಲ್ಲಿ ಎಲ್‌ಇಡಿ. ಕೈಯಲ್ಲಿ ಹಿಡಿಯುವ ಟಾರ್ಚ್ ಒಂದನ್ನು ಮಗುವೇ ಕಾಗದದ ಮೇಲೆ ಬರೆದು, ನಿಮ್ಮೊಡನೆ ಕಟ್ಟಲಿ. ಎಷ್ಟು ವಿದ್ಯುತ್ ಹರಿಯಬೇಕು, ಬಿಸಿ ಎಲ್ಲಿಗೆ ಹೋಗಬೇಕು, ಮಸೂರ ಎಷ್ಟು ದೂರ ಇರಬೇಕು, ಸ್ವಿಚ್ಚು ಹೆಬ್ಬೆರಳಿಗೆ ಸಿಗುತ್ತದೆಯೇ: ಲೇಸರ್ ಕಟ್ಟುವವರ ಪ್ರಶ್ನೆಗಳೆಲ್ಲ ಇಲ್ಲೂ ಇವೆ. ಮೊದಲನೆಯದು ಬಿಸಿಯಾಗುತ್ತದೆ, ಎರಡನೆಯದರ ಬೆಳಕು ಚೆದುರುತ್ತದೆ, ಮೂರನೆಯದು ಚೆನ್ನಾಗಿ ಬರುತ್ತದೆ. ಆ ಮೂರೂ ಟಾರ್ಚುಗಳನ್ನು ಎಸೆಯದೆ ಸಾಲಾಗಿ ಇಡಿ.

ಎರಡನೇ ದಾರಿ, ತಲೆಗೂದಲಿನ ದಪ್ಪ ಅಳೆಯುವುದು. ಇದಕ್ಕೆ ನಂಬಿಕೆಯ ಅಂಗಡಿಯಿಂದ ಕೊಂಡ, ಕ್ಲಾಸ್ 2 ಗುರುತಿನ ಕೆಂಪು ಪಾಯಿಂಟರ್ ಸಾಕು. ಅದು ನಿಮ್ಮ ಬಳಿಯೇ ಇರಲಿ. ಮೇಜಿನ ಮೇಲೆ, ಮಗುವಿನ ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಗೋಡೆಗೆ ಮುಖ ಮಾಡಿ ಅದನ್ನು ಕಟ್ಟಿಡಿ. ದಾರಿಯಲ್ಲಿ ಕನ್ನಡಿ, ಸ್ಟೀಲು ಪಾತ್ರೆ ಇರಬಾರದು. ಎಲ್ಲರೂ ಪಾಯಿಂಟರಿನ ಹಿಂದೆ ನಿಲ್ಲಿ. ಕಿರಣಕ್ಕೆ ಅಡ್ಡಲಾಗಿ ಒಂದು ಕೂದಲು ಹಿಡಿದರೆ ಎರಡು ಮೀಟರ್ ದೂರದ ಗೋಡೆಯ ಮೇಲೆ ಬೆಳಕು-ಕತ್ತಲೆಯ ಪಟ್ಟಿ ಮೂಡುತ್ತದೆ. ನಡುವಿನ ಬೆಳಕಿನ ಎರಡೂ ಪಕ್ಕದ ಮೊದಲ ಕತ್ತಲೆಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು ಅರ್ಧ ಮಾಡಿ. 650 ನ್ಯಾನೋಮೀಟರ್ ಪಾಯಿಂಟರ್ ಆದರೆ 1300ನ್ನು ಆ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರವೇ ಮೈಕ್ರೋಮೀಟರ್‌ನಲ್ಲಿ ಕೂದಲಿನ ದಪ್ಪ. ಅರ್ಧ ಅಂತರ 18.5 ಬಂದರೆ ಕೂದಲು ಸುಮಾರು 70. ಅಪ್ಪನದು, ಅಮ್ಮನದು, ತಂಗಿಯದು ಅಳೆದು ಪಟ್ಟಿ ಮಾಡಲಿ. ಬಲೂನು ಒಡೆದ ಖುಷಿ ಒಂದು ನಿಮಿಷದ್ದು. ಸ್ಕೇಲಿನಲ್ಲಿ ಅಳೆಯಲಾಗದ್ದನ್ನು ಬೆಳಕಿನಿಂದ ಅಳೆದೆ ಎಂಬ ಖುಷಿ ಬಹಳ ದಿನ ಉಳಿಯುತ್ತದೆ.

ಅಜ್ಜಿಗೆ ಕನ್ನಡದಲ್ಲಿ ಹೇಳಲಿ

ನಮ್ಮ ಮಕ್ಕಳ ಕನ್ನಡ ಸಾಮಾನ್ಯವಾಗಿ ಊಟ, ಸ್ನಾನ, ನಿದ್ದೆಗೆ ನಿಂತುಬಿಡುತ್ತದೆ. ವಿಜ್ಞಾನ ಬಂದ ಕೂಡಲೇ ನಾವೂ ಇಂಗ್ಲಿಷಿಗೆ ಹಾರುತ್ತೇವೆ. ಕಿರಣ, ಮಸೂರ, ಪ್ರತಿಫಲನ, ಅಲೆ, ಚೆದುರು, ಕೂಡಿಸು: ಇಷ್ಟು ಪದ ಸಾಕು, ಮೇಲಿನದೆಲ್ಲವನ್ನೂ ಹೇಳಬಹುದು. ಲೇಸರ್, ಬ್ಯಾಟರಿ, ಡಯೋಡ್ ಹಾಗೆಯೇ ಇರಲಿ, ಅವೂ ನಮ್ಮವೇ ಆಗಿವೆ.

ಭಾನುವಾರದ ವಿಡಿಯೋ ಕರೆಯಲ್ಲಿ ಮಗು ಅಜ್ಜಿಗೆ ಕೂದಲಿನ ಲೆಕ್ಕ ವಿವರಿಸಲಿ. ಅಜ್ಜಿಗೆ ಲೇಸರ್ ಹೊಸದೇನಲ್ಲ. ಸಕ್ಕರೆ ಕಾಯಿಲೆಯಿಂದ ಹಾಳಾಗುವ ಕಣ್ಣನ್ನು ವೈದ್ಯರು ಉಳಿಸುವುದೂ ಲೇಸರ್‌ನಿಂದಲೇ. ಸರ್ ಸಿ. ವಿ. ರಾಮನ್ ಅವರ ಹೆಸರನ್ನೂ ಅಜ್ಜ ತೆಗೆಯಬಹುದು. 1928ರಲ್ಲಿ ಕೋಲ್ಕತ್ತಾದಲ್ಲಿ ಬಿಸಿಲಿನ ಬೆಳಕಿನಿಂದಲೇ ಶುರುಮಾಡಿ ಅವರು ಕಂಡುಹಿಡಿದ ಪರಿಣಾಮ ಬಹಳ ಮಂಕಾದದ್ದು. ಲೇಸರ್ ಬಂದ ಮೇಲೆ ಅದಕ್ಕೆ ನಿಜವಾದ ಬಲ ಬಂತು. ಮುಂದೆ ಬೆಂಗಳೂರಿನಲ್ಲೇ ನೆಲೆಸಿದ ಅವರ ಹೆಸರಿನ ಉಪಕರಣ ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ: ಅದರ ಲೇಸರ್ ಒಂದು ಪುಡಿಯ ಮೇಲೆ ಬಿದ್ದರೆ, ಅದು ಔಷಧಿಯೋ ಸ್ಫೋಟಕವೋ ಎಂದು ಹೇಳಬಲ್ಲದು.

ಕೈಯಲ್ಲೊಂದು ಬಲವಾದ ಲೇಸರ್ ಹಿಡಿಯುವ ಆಸೆ ನಿಮ್ಮ ಮಗುವಿಗೆ ಆಗಲೂ ಇದ್ದರೆ, ಅದಕ್ಕೆ ಓದಿ ತಲುಪುವ ದಾರಿ ಇದೆ ಎಂದು ಹೇಳಿ. ಅಲ್ಲಿಯವರೆಗೆ ಕಣ್ಣು ಜೋಪಾನ.