ದೊಡ್ಡ ಕಾಯಿಲೆಗೆ ದುಡ್ಡು ಯಾರು ಕೊಡ್ತಾರೆ?

ಸರ್ಕಾರಿ ಆಸ್ಪತ್ರೆ ‘ಬಿಟ್ಟಿ’ ಅಂತ ನಮ್ಮೂರಲ್ಲಿ ಅಂತಾರೆ. ನಾನು ಒಪ್ಪೋದಿಲ್ಲ. ಅಂಗಡಿಯಲ್ಲಿ ಸೋಪು ಕೊಂಡಾಗ ಕೂಲಿಯವರೂ ತೆರಿಗೆ ಕಟ್ಟುತ್ತಾರೆ. ಅಂಥ ದುಡ್ಡಿನಿಂದಲೇ ಆಸ್ಪತ್ರೆ ನಡೆಯುತ್ತೆ.

2018ರಲ್ಲಿ ಶುರುವಾದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎ.ಪಿ.ಎಲ್.ನವರಿಗೆ ನಿಗದಿತ ದರದಲ್ಲಿ ಶೇಕಡ 30 ಮಾತ್ರ ಸರ್ಕಾರದ್ದು.

ಆದರೆ ತುರ್ತು ಇಲ್ಲದಿದ್ದರೆ ಮೊದಲು ಚಿಂತಾಮಣಿಯ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಬೇರೆ ಆಸ್ಪತ್ರೆಗೆ ಚೀಟಿ ಬರೆದುಕೊಡ್ತಾರೆ. ಇದು ತಿಳಿಯದವರು ನೇರವಾಗಿ ಖಾಸಗಿಗೆ ಹೋಗಿ, ಆಮೇಲೆ ಹಸು ಮಾರಿ ಬಿಲ್ಲು ಕಟ್ಟುತ್ತಾರೆ. ಓದು ಬಂದವರಿಗೆ ಯೋಜನೆ ಸಿಕ್ಕಿ, ಬಾರದವರಿಗೆ ತಪ್ಪಿದರೆ ಅದು ಸಮಾನತೆಯೇ? ಇವತ್ತೇ ಮನೆಯಲ್ಲಿ ಎಲ್ಲರಿಗೂ ಹೇಳಿ. ಪಕ್ಕದ ಮನೆಯವರಿಗೂ ಹೇಳಿ.