ಬೆಕ್ಕಿನ ಊಟದ ಪೊಟ್ಟಣ ಓದೋಣ

ನಮ್ಮ ಬೆಕ್ಕಿಗೆ ನಾವು ಹಾಕೋದು ಹಾಲು, ಅನ್ನ. ಹಳ್ಳಿಯ ಬೆಕ್ಕು ಇಲಿ ಹಿಡಿದು ತಿನ್ನುತ್ತದೆ. ಬಾಗಿಲು ಹಾಕಿದ ಪೇಟೆ ಮನೆಯಲ್ಲಿ ಇಲಿ ಎಲ್ಲಿ ಸಿಗಬೇಕು? ಅಲ್ಲಿ ನಾವು ಹಾಕಿದ್ದೇ ಅದರ ಊಟ.

ಬೆಕ್ಕಿಗೆ ಮಾಂಸ ಬೇಕೇ ಬೇಕು. ಮಾಂಸ, ಮೀನಿನಲ್ಲಿ ಟಾರಿನ್ ಎಂಬ ಸತ್ವ ಇದೆ. ಅನ್ನ, ರೊಟ್ಟಿಯಲ್ಲಿ ಇಲ್ಲ. ಬಹಳ ಕಾಲ ಇದು ಸಿಗದಿದ್ದರೆ ಬೆಕ್ಕಿನ ಕಣ್ಣು ಹೋಗಬಹುದು. ಹೃದಯವೂ ಸೋಲಬಹುದು.

ಈಗ ಅಂಗಡಿಯಲ್ಲಿ ಬೆಕ್ಕಿನ ಊಟದ ಪೊಟ್ಟಣ ಸಿಗುತ್ತದೆ. ಅಗ್ಗ ಅಂತ ನಾಯಿಯ ಪೊಟ್ಟಣ ತರಬಾರದು. ನಾಯಿಯ ಮೈ ಟಾರಿನನ್ನು ತಾನೇ ಮಾಡಿಕೊಳ್ಳುತ್ತದೆ. ಅದರ ಊಟದಲ್ಲಿ ಟಾರಿನ್ ಇಲ್ಲದೆಯೂ ಇರಬಹುದು.

ಪೊಟ್ಟಣ ಹಿಂದೆ ತಿರುಗಿಸೋಣ. ಮುಂದಿರೋದು ಬರೀ ಚಿತ್ರ. ಹಿಂದೆ ಹೆಚ್ಚಾಗಿ ಇಂಗ್ಲಿಷೇ ಇರುತ್ತದೆ. ಮಕ್ಕಳ ಕೈಲಿ ಓದಿಸೋಣ, ನಾಚಿಕೆ ಯಾಕೆ? ಅಂಕಿ ಅಂತೂ ನಮಗೆ ಬರುತ್ತದಲ್ಲ!

ಯಾವುದರ ತೂಕ ಹೆಚ್ಚೋ ಅದರ ಹೆಸರನ್ನು ಮೊದಲು ಬರೆಯುವುದು ವಾಡಿಕೆ. ಕೋಳಿ, ಮೀನು ಮೊದಲಿರಲಿ. ಟಾರಿನ್ ಹೆಸರೂ ಇದೆಯಾ ಹುಡುಕೋಣ.

ಆಮೇಲೆ ಪ್ರೋಟೀನು. 100 ಗ್ರಾಂ ಒಣ ಊಟದಲ್ಲಿ 30 ಗ್ರಾಂ, ಹಸಿ ಊಟದಲ್ಲಿ 10 ಗ್ರಾಂ ಅಂತ ಬರೆದಿದೆ ಅನ್ನಿ. ಒಣದ್ದೇ ಮೇಲು ಅನ್ನಿಸುತ್ತದೆ. ತಡೀರಿ, ನೀರು ಎಷ್ಟು? ಹಸಿಯದರಲ್ಲಿ 80 ಗ್ರಾಂ ನೀರು. ಉಳಿದದ್ದು 20. ಅದರಲ್ಲಿ 10 ಪ್ರೋಟೀನು, ಅಂದರೆ ಅರ್ಧ. ಒಣದರಲ್ಲಿ ನೀರು 10 ಗ್ರಾಂ. ಉಳಿದ 90ರಲ್ಲಿ ಪ್ರೋಟೀನು 30. ಮೂರರಲ್ಲಿ ಒಂದೇ ಪಾಲು!

ಪೊಟ್ಟಣ ದುಬಾರಿ ಆಯಿತೇ? ಮೀನು ಬೇಯಿಸುವಾಗ ಬೆಕ್ಕಿನ ಪಾಲು ಬೇರೆ ಬೇಯಿಸಿ, ಮುಳ್ಳು ತೆಗೆದು ಹಾಕೋಣ. ಸಾರಿನ ಮೀನು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತವೆ.