ಕಾಫಿ ತೋಟದ ಕೆರೆ

ಕಾಫಿ ತೋಟದ ಕೆರೆಯೆಂದರೆ ತೋಟದ ಮಾಲೀಕರು ಸ್ವಂತ ಜಮೀನಿನ ತಗ್ಗಿನಲ್ಲಿ ಮಣ್ಣಿನ ಏರಿ ಕಟ್ಟಿ, ಮಳೆನೀರನ್ನೂ ಒರತೆಯ ನೀರನ್ನೂ ನಿಲ್ಲಿಸಿಕೊಳ್ಳುವ ಸಣ್ಣ ಜಲಾಶಯ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಮಲೆನಾಡು ಭಾಗದಲ್ಲಿ ಇಂತಹ ಕೆರೆಗಳು ಸಾಮಾನ್ಯ. ಊರೊಟ್ಟಿನ ಕೆರೆಗಿರುವಂತೆ ಇದಕ್ಕೆ ವಿಸ್ತಾರವಾದ ಅಚ್ಚುಕಟ್ಟಿಲ್ಲ. ಕಟ್ಟುವ ಖರ್ಚು, ದುರಸ್ತಿ, ಏರಿ ಒಡೆದರೆ ಬರುವ ಹೊಣೆ ಎಲ್ಲವೂ ಮಾಲೀಕರವೇ. ಕಟ್ಟುವುದು ಗಿಡಕ್ಕಾಗಿಯಾದರೂ ಕೆಲವೇ ವರ್ಷಗಳಲ್ಲಿ ಕಪ್ಪೆ, ಹಕ್ಕಿ, ನೀರುನಾಯಿ, ಆನೆಗಳೂ ಇದರ ಪಾಲುದಾರರಾಗುತ್ತವೆ.

ಉದ್ದೇಶ

ಕಾಫಿ ಗಿಡದ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಸುಪ್ತವಾಗಿದ್ದು, ಒಂದು ಒಳ್ಳೆಯ ಮಳೆ ಬಿದ್ದ ಬಳಿಕ ವಾರ ಹತ್ತು ದಿನಗಳಲ್ಲಿ ಒಟ್ಟಿಗೆ ಅರಳುತ್ತದೆ. ಇದಕ್ಕೆ ಹೂಮಳೆಯೆಂದು ಹೆಸರು. ರೊಬಸ್ಟಾ ತಳಿಗೆ ಈ ಮಳೆ ಫೆಬ್ರವರಿ-ಮಾರ್ಚ್ ಹೊತ್ತಿಗೆ ಬೇಕು. ಕೆಲವು ವಾರಗಳ ನಂತರ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಮಳೆ ಕೈಕೊಟ್ಟ ವರ್ಷ ಬೆಳೆಗಾರರು ಸ್ಪ್ರಿಂಕ್ಲರ್ ಮೂಲಕ ಕೃತಕ ಮಳೆ ಸುರಿಸುತ್ತಾರೆ. ಒಂದು ಎಕರೆಗೆ 25 ಮಿಲಿಮೀಟರ್ ಮಳೆಯಷ್ಟು ನೀರುಣಿಸಲು ಸುಮಾರು 1 ಲಕ್ಷ ಲೀಟರ್ ಬೇಕಾಗುತ್ತದೆ. 10 ಎಕರೆಯ ಸಣ್ಣ ತೋಟಕ್ಕೂ ಒಂದು ಸಲಕ್ಕೆ 10 ಲಕ್ಷ ಲೀಟರ್. ಬೇಸಿಗೆಯ ಹಳ್ಳ ಇಷ್ಟನ್ನು ಕೊಡಲಾರದು. ಮುಂಗಾರಿನ ನೀರನ್ನೇ ಹಿಡಿದಿಡಬೇಕು.

ಏರಿಯ ರಚನೆ

ಎರಡು ಗುಡ್ಡಗಳು ಸಮೀಪಿಸುವ ಕಡೆ, ಗದ್ದೆಬಯಲಿನ ತಲೆಭಾಗದಲ್ಲಿ ಏರಿ ಕಟ್ಟಿದರೆ ಕಡಿಮೆ ಮಣ್ಣಿನಲ್ಲಿ ಹೆಚ್ಚು ನೀರು ನಿಲ್ಲುತ್ತದೆ. ಮೊದಲು ಮೇಲ್ಮಣ್ಣು, ಬೇರು, ತರಗೆಲೆಗಳನ್ನು ಪೂರ್ತಿ ತೆಗೆಯಬೇಕು. ಏರಿಯ ನಡುಗೆರೆಯಲ್ಲಿ ಗಟ್ಟಿ ನೆಲ ಸಿಗುವವರೆಗೆ ಕಾಲುವೆ ತೋಡಿ, ಅದರಲ್ಲಿ ಜೇಡಿಮಣ್ಣು ತುಂಬಿ ದಮ್ಮಸು ಮಾಡುತ್ತಾರೆ. ತಳದಿಂದ ನೀರು ಜಿನುಗಿ ಹೋಗದಂತೆ ತಡೆಯುವುದು ಈ ಜೇಡಿಗೋಡೆಯೇ. ಮೇಲಿನ ಮಣ್ಣನ್ನು ಸುಮಾರು ಗೇಣುದ್ದದ ಪದರಗಳಾಗಿ ಹರಡಿ, ಹದವಾದ ತೇವದಲ್ಲಿ ಒಂದೊಂದನ್ನೂ ಒತ್ತಬೇಕು. ಟಿಪ್ಪರಿನಿಂದ ಒಮ್ಮೆಗೇ ಸುರಿದು ಮೇಲ್ಭಾಗವನ್ನಷ್ಟೇ ಸಮತಟ್ಟು ಮಾಡಿದ ಏರಿ ನೋಡಲು ಚೆನ್ನಾಗಿದ್ದರೂ ಎರಡು ಮಳೆಗಾಲದಲ್ಲಿ ಕುಸಿದು ತಗ್ಗಾಗುತ್ತದೆ. ನೀರಿನ ಬದಿಯ ಇಳಿಜಾರು ಹೊರಬದಿಗಿಂತ ಹೆಚ್ಚು ಓರೆಯಾಗಿರುವುದು ರೂಢಿ: ಒಂದು ಅಡಿ ಎತ್ತರಕ್ಕೆ ಒಳಗೆ ಎರಡೂವರೆಯಿಂದ ಮೂರು ಅಡಿ, ಹೊರಗೆ ಎರಡು ಅಡಿ.

ಮಣ್ಣಿನ ಏರಿಯ ದೊಡ್ಡ ಶತ್ರು ತಲೆಯ ಮೇಲೆ ಹರಿಯುವ ನೀರು. ಒಂದು ಕಡೆ ಕೊರೆದರೆ ಸಾಕು, ಗಂಟೆಗಳಲ್ಲಿ ಏರಿ ಇಬ್ಭಾಗವಾಗುತ್ತದೆ. ಆದ್ದರಿಂದ ಕೋಡಿ ಇಲ್ಲದ ಕೆರೆಯನ್ನು ಕೆರೆಯೆನ್ನುವುದೇ ತಪ್ಪು. ಕೋಡಿಯನ್ನು ಏರಿಯ ಹೊಸ ಮಣ್ಣಿನ ಮೇಲೆ ಮಾಡದೆ, ಪಕ್ಕದ ಗಟ್ಟಿ ನೆಲದಲ್ಲಿ ಕಡಿದು, ಹುಲ್ಲು ಅಥವಾ ಕಲ್ಲು ಹೊದಿಸುತ್ತಾರೆ. ವಾಡಿಕೆಯ ಮಳೆಯ ಲೆಕ್ಕ ಸಾಲದು. ಆಷಾಢದಲ್ಲಿ ಒಂದೇ ರಾತ್ರಿ ಸುರಿಯಬಹುದಾದ ಅತಿಹೆಚ್ಚಿನ ಮಳೆಗೆ ಅದರ ಅಗಲವಿರಬೇಕು.

ಎರಡನೆಯ ಅಪಾಯ ಕಣ್ಣಿಗೆ ಬೀಳದಂಥದು. ತೂಬಿನ ಕೊಳವೆಯ ಸುತ್ತ, ಏಡಿ ಹೆಗ್ಗಣಗಳ ಬಿಲದಲ್ಲಿ, ಕೊಳೆತ ಬೇರಿನ ಜಾಡಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಏರಿಯ ಹೊರಬುಡದಲ್ಲಿ ತಿಳಿನೀರು ಜಿನುಗಿದರೆ ಕಣ್ಣಿಟ್ಟಿರಬೇಕು. ಅದೇ ನೀರು ಕೆಂಪಗೆ ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದು ಅರ್ಥ. ಆಗ ಮಾಡಬೇಕಾದ ಮೊದಲ ಕೆಲಸ ನೀರಿನ ಮಟ್ಟ ಇಳಿಸುವುದು, ಕೆಳಗಿನ ಲೈನುಮನೆಗಳಲ್ಲಿರುವವರನ್ನು ಎಬ್ಬಿಸುವುದು. ನೆರಳಿಗೆಂದು ಏರಿಯ ಮೇಲೆ ಸಿಲ್ವರ್ ಓಕ್ ನೆಡುವವರಿದ್ದಾರೆ. ಮರ ಬದುಕಿರುವಾಗ ಬೇರು ಮಣ್ಣನ್ನು ಹಿಡಿದಂತೆ ಕಂಡರೂ, ಸತ್ತ ಮೇಲೆ ಅದೇ ಬೇರು ಕೊಳವೆಯಾಗುತ್ತದೆ. ಏರಿಗೆ ಹುಲ್ಲೇ ಸರಿಯಾದ ಹೊದಿಕೆ.

ಕಡಿದಾದ ಗುಡ್ಡದ ಮೈಯಲ್ಲಿ ಕೆರೆ ತೋಡುವುದು ಬೇರೆಯೇ ಬಗೆಯ ಅಪಾಯ. ಇಂಗಿದ ನೀರು ಕೆಳಗಿನ ಇಳಿಜಾರನ್ನು ಭಾರವಾಗಿಸಿ ಸಡಿಲಿಸುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಜೀವಿಗಳು

ಕೆರೆ ಹಳೆಯದಾದಂತೆ ಅಂಚಿನಲ್ಲಿ ಜೊಂಡು, ಹುಲ್ಲು, ಕೆಸುವು ಬೆಳೆದು ಏರೋಪ್ಲೇನ್ ಚಿಟ್ಟೆಗಳ ಮರಿಗಳಿಗೂ ಗೊದಮೊಟ್ಟೆಗಳಿಗೂ ಆಶ್ರಯವಾಗುತ್ತದೆ. ಗುಳುಮುಳುಕ, ಹುಂಡುಕೋಳಿ, ನೀರುಕಾಗೆ, ಕೊಳಬಕ ಮತ್ತು ಮಿಂಚುಳ್ಳಿಗಳು ಸಾಮಾನ್ಯವಾಗಿ ಕಾಣಸಿಗುವ ಹಕ್ಕಿಗಳು. ಮಲಬಾರ್ ಹಾರುವ ಕಪ್ಪೆಯ ಸಂತಾನ ಕ್ರಮ ವಿಶೇಷವಾದುದು. ಅದು ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ನೇರವಾಗಿ ಕೆರೆಗೆ ಉದುರುತ್ತವೆ. ಚೊಕ್ಕಟವಾಗಿರಲೆಂದು ದಡದ ಗಿಡಗಂಟಿಯನ್ನೆಲ್ಲ ಸವರಿದರೆ ಈ ಕಪ್ಪೆಗೆ ಅಲ್ಲಿ ನೆಲೆಯಿಲ್ಲ. ಪುಟ್ಟ ಉಗುರಿನ ನೀರುನಾಯಿ ಏಡಿಗಳನ್ನರಸಿ ಹಳ್ಳದಿಂದ ಕೆರೆಗೆ ಬರುತ್ತದೆ. ಏರಿ ಕೊರೆಯುವ ಏಡಿಯನ್ನು ತಿನ್ನುವ ಈ ಅತಿಥಿಯನ್ನು ಓಡಿಸುವುದು ಜಾಣತನವೆನಿಸದು.

ಪಲ್ಪಿಂಗ್ ಘಟಕದ ಹುಳಿನೀರು ಕೆರೆಗೆ ಸೇರಿದರೆ ಕೊಳೆಯುವ ತಿರುಳು ನೀರಿನ ಆಮ್ಲಜನಕವನ್ನು ಹೀರಿ ಮೀನುಗಳು ಸಾಯುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ಭಾರತದಲ್ಲಿ ನಿಷೇಧವಿದೆ. ಕೋಡಿಯ ಮೂಲಕ ಹಳ್ಳ ಸೇರಿದರೆ ಅದು ನಾಡ ಮೀನುಗಳನ್ನು ಉಳಿಸುವುದಿಲ್ಲ.

ಆನೆ ಮತ್ತು ಕೆರೆ

ನಾಗರಹೊಳೆ ಮುಂತಾದ ಕಾಡುಗಳ ಅಂಚಿನ ತೋಟಗಳಿಗೆ ಆನೆಗಳು ನೆರಳು, ಹಲಸು ಮತ್ತು ನೀರಿಗಾಗಿ ಬರುತ್ತವೆ. ದಡ ಓರೆಯಾಗಿದ್ದರೆ ಕುಡಿದು, ಮಿಂದು ಹೋಗುತ್ತವೆ. ಅವು ಇಳಿದೆಡೆ ಏರಿಯ ಮಣ್ಣು ಕುಸಿಯುವುದು ಮಾಲೀಕರಿಗೆ ನಷ್ಟ. ತೊಂದರೆ ಬಿಗಡಾಯಿಸುವುದು ಯಂತ್ರದಿಂದ ನೆಟ್ಟಗೆ ಕಡಿದ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳಲ್ಲಿ. ಜಾರುವ ಹಾಳೆಯ ಮೇಲೆ ಮರಿಯಾನೆಗೂ ಕಡವೆಗೂ ಕಾಲೂರಲು ಆಗದು. ಬಿದ್ದ ಆನೆಯನ್ನು ಮೇಲೆ ತರಲು ಅರಣ್ಯ ಸಿಬ್ಬಂದಿ ಸಾಮಾನ್ಯವಾಗಿ ಜೆಸಿಬಿಯಿಂದ ಒಂದು ಬದಿಯ ದಡವನ್ನು ಕಡಿದು ಇಳಿಜಾರು ಮಾಡುತ್ತಾರೆ. ಆ ಇಳಿಜಾರನ್ನು ಕೆರೆ ತೋಡುವಾಗಲೇ, ಏರಿಯಿಂದ ದೂರದ ಬದಿಯಲ್ಲಿ, ಬಿಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಆನೆಗೂ ದಾರಿ ಸಿಗುತ್ತದೆ, ಏರಿಗೂ ಪೆಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಆನೆ ಸೇರಿದೆ. ಕೆರೆಯ ಸುತ್ತ ತಂತಿ ಕಟ್ಟಿ ಲೈನಿನ ವಿದ್ಯುತ್ತನ್ನು ನೇರವಾಗಿ ಹರಿಸುವುದು ಅಪರಾಧ. ಅದಕ್ಕೆ ಬಲಿಯಾಗುವುದು ಆನೆಯೊಂದೇ ಅಲ್ಲ, ತೋಟದ ಕಾರ್ಮಿಕರೂ ಹೌದು.

ನೀರಿನ ಪಾಲು

ಒರತೆಯ ನೀರನ್ನೆಲ್ಲ ಬೇಸಿಗೆಯಲ್ಲಿ ತಡೆಹಿಡಿದರೆ ಕೆಳಗಿನ ಗದ್ದೆ ಮತ್ತು ಬಾವಿಗಳು ಬತ್ತುತ್ತವೆ. ಮಳೆಗಾಲದಲ್ಲಿ ತುಂಬಿಸಿಕೊಂಡು, ಜನವರಿಯ ನಂತರ ಹಳ್ಳಕ್ಕೆ ಬರುವಷ್ಟು ನೀರನ್ನು ತೂಬಿನಿಂದ ಹಾಗೆಯೇ ಬಿಟ್ಟರೆ ನೆರೆಹೊರೆಯ ತಕರಾರುಗಳು ಹುಟ್ಟುವುದು ವಿರಳ. ಹೂಳನ್ನು ಬೇಸಿಗೆಯ ಕೊನೆಯಲ್ಲಿ, ಒಂದು ವರ್ಷಕ್ಕೆ ಒಂದು ಭಾಗದಂತೆ ತೆಗೆದರೆ ಉಳಿದ ಭಾಗದಲ್ಲಿ ಜಲಚರಗಳು ಬದುಕಿಕೊಳ್ಳುತ್ತವೆ; ತೆಗೆದ ಹೂಳು ಗಿಡದ ಬುಡಕ್ಕೆ ಒಳ್ಳೆಯ ಗೊಬ್ಬರ.